ಕುಪ್ಪಳಿಯ ಕವಿಮನೆ ಮತ್ತು ನಮ್ಮ ಹಳೆಯ ಗುರುನಿವಾಸ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಬರಹರೂಪ)



ಈ ಉಪನ್ಯಾಸಮಾಲೆಯಲ್ಲಿ ನನ್ನ ಪಾಲಿಗೆ ಬಂದ ವಿಷಯ ‘ಪೂರ್ವಿಕರ ಸ್ಮರಣೆ’ ಎಂಬುದು. ದೇವಾಲಯದ ಇತಿಹಾಸವನ್ನು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿಯನ್ನು ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ನೀವು ಓದಲಿರುವಿರಿ. ಆದುದರಿಂದ ನಾನು ಅದನ್ನೇ ಮತ್ತೆ ಹೇಳಹೋಗುವುದಿಲ್ಲ. ಮನೆಯೊಂದನ್ನು ಕುರಿತು ಮಾತನಾಡುತ್ತೇನೆ. ಅದು ನಮ್ಮ ಜಿಲ್ಲೆಯದೇ ಆದ ಮನೆ; ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿರುವ ಕವಿಮನೆ. ಕ್ರೈಸ್ತ ದೇವಾಲಯದ ಶತಮಾನೋತ್ಸವಕ್ಕೂ ಕುವೆಂಪು ಅವರು ಬೆಳೆದ ಮನೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ನಮ್ಮ ಹಳೆಯ ಗುರುನಿವಾಸವನ್ನು ಕೆಡವಬೇಕೆ, ಉಳಿಸಬೇಕೆ ಎಂಬ ಪ್ರಶ್ನೆ ಈಗ ನಮ್ಮೆಲ್ಲರ ಮುಂದಿದೆ. ಈ ಪ್ರಶ್ನೆಯನ್ನು ಬರಿಯ ಇಟ್ಟಿಗೆ ಗಾರೆಯ ಲೆಕ್ಕದಿಂದ ತೀರ್ಮಾನಿಸುವ ಮೊದಲು, ಮನೆಯೊಂದನ್ನು ಉಳಿಸಿಕೊಳ್ಳುವುದೆಂದರೆ ಏನು ಎಂಬುದನ್ನು ಒಟ್ಟಾಗಿ ಯೋಚಿಸೋಣ ಎಂಬುದು ನನ್ನ ಆಸೆ.

ಮನೆಯನ್ನು ಪವಿತ್ರವೆಂದು ಕಾಣುವುದು ಶ್ರೀಸಭೆಗೆ ಹೊಸದಲ್ಲ. ಆರಂಭದ ಕ್ರೈಸ್ತರಿಗೆ ದೇವಾಲಯಗಳೇ ಇರಲಿಲ್ಲ. ಅವರು ಮನೆಗಳಲ್ಲಿಯೇ ಸೇರಿ ರೊಟ್ಟಿ ಮುರಿಯುತ್ತಿದ್ದರು. ಗಲಿಲೇಯ ಸರೋವರದ ದಂಡೆಯ ಕಪೆರ್ನೌಮಿನಲ್ಲಿ 1968ರಿಂದ ಫ್ರಾನ್ಸಿಸ್ಕನ್ ಸಭೆಯ ವಿದ್ವಾಂಸರು ನಡೆಸಿದ ಉತ್ಖನನವನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಐದನೆಯ ಶತಮಾನದಲ್ಲಿ ಕಟ್ಟಿದ ಎಂಟು ಮೂಲೆಯ ದೇವಾಲಯದ ಅಡಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸಾಧಾರಣ ಮನೆ. ಒರಟು ಕಲ್ಲಿನ ಗೋಡೆ, ಮೀನು ಹಿಡಿಯುವ ಗಾಳಗಳು. ಆ ಮನೆಯ ಒಂದು ಕೋಣೆಯ ಗೋಡೆಗೆ ಮಾತ್ರ ಮತ್ತೆ ಮತ್ತೆ ಗಾರೆ ಬಳಿಯಲಾಗಿತ್ತು. ಆ ಗಾರೆಯ ಮೇಲೆ ಭಕ್ತರು ಗೀಚಿದ ಪ್ರಾರ್ಥನೆಯ ಅಕ್ಷರಗಳಿದ್ದವು. ಸಂತ ಪೇತ್ರರ ಮನೆ ಇದೇ ಎಂದು ಪುರಾತನ ಕಾಲದಿಂದಲೂ ಭಕ್ತರು ಅದನ್ನು ಗೌರವಿಸುತ್ತ ಬಂದಿದ್ದರು. ಯೇಸುಸ್ವಾಮಿಯು ಪೇತ್ರರ ಅತ್ತೆಯ ಜ್ವರವನ್ನು ಬಿಡಿಸಿದ ಮನೆ ಅದು. ಅರಮನೆಯಲ್ಲ, ಬೆಸ್ತನ ಮನೆ. ಆದರೂ ಜನ ಅದನ್ನು ಮರೆಯಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರವಾದ ಇನ್ನೊಂದು ಉದಾಹರಣೆಯನ್ನು ಹೇಳುತ್ತೇನೆ. ಜಗದ್ಗುರು ಎರಡನೆಯ ಜಾನ್ ಪಾಲರು 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದುದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅವರು ಹುಟ್ಟಿದ್ದು 1920ರಲ್ಲಿ, ಪೋಲೆಂಡ್ ದೇಶದ ವಾಡೊವಿಚೆ ಎಂಬ ಸಣ್ಣ ಪಟ್ಟಣದಲ್ಲಿ. ಅವರ ತಂದೆ ತಾಯಿ ಇದ್ದದ್ದು ಬಾಡಿಗೆ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಅಷ್ಟೆ. ಮನೆಯ ಒಡೆಯ ಒಬ್ಬ ಯೆಹೂದಿ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಪಕ್ಕದ ದೇವಾಲಯದ ಗೋಡೆ ಕಾಣುತ್ತಿತ್ತು. ಆ ಮನೆಯಲ್ಲಿಯೇ ಅವರು ಒಂಬತ್ತನೆಯ ವಯಸ್ಸು ತುಂಬುವ ಮೊದಲು ತಾಯಿಯನ್ನು ಕಳೆದುಕೊಂಡರು. 1984ರಿಂದ ಆ ಮನೆ ವಸ್ತುಸಂಗ್ರಹಾಲಯವಾಗಿದೆ; ಅವರು ಸಂತಪದವಿಗೇರಿದ 2014ರಲ್ಲಿ ಅದನ್ನು ನವೀಕರಿಸಿ ಮತ್ತೆ ತೆರೆದರು. ಜಗತ್ತೆಲ್ಲ ತಿರುಗಿದ ಮಹಾಗುರುವೊಬ್ಬರು ಎಲ್ಲಿ ಪ್ರಾರ್ಥನೆ ಕಲಿತರು ಎಂಬುದಕ್ಕೆ ಆ ಪುಟ್ಟ ಅಡುಗೆಮನೆ ಕೊಡುವ ಉತ್ತರವನ್ನು ದಪ್ಪ ಚರಿತ್ರೆಯ ಪುಸ್ತಕ ಕೊಡಲಾರದು.

ಇಂತಹ ಮನೆಯನ್ನು ನೋಡಲು ನಾವು ಪೋಲೆಂಡಿಗೆ ಹೋಗಬೇಕಾಗಿಲ್ಲ. ಭದ್ರಾವತಿಯಿಂದ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ, ಅಲ್ಲಿಂದ ಕೊಪ್ಪದ ಕಡೆಗೆ ತಿರುಗಿದರೆ ಸುಮಾರು ನೂರು ಕಿಲೋಮೀಟರಿನಲ್ಲಿ ಕುಪ್ಪಳಿ ಸಿಗುತ್ತದೆ. ಸುತ್ತಲೂ ಕಾಡು, ಮುಂದೆ ಅಡಿಕೆಯ ತೋಟ, ಹಿಂದೆ ಗುಡ್ಡ. ಗುಡ್ಡದ ಬುಡದಲ್ಲಿ ಹೆಂಚಿನ ಮಾಡಿನ, ಮೂರು ಅಂತಸ್ತಿನ ತೊಟ್ಟಿಮನೆ. ಮಲೆನಾಡಿನ ಹಳೆಯ ಗೌಡರ ಮನೆಗಳ ಮಾದರಿಯಲ್ಲಿ ನಡುವೆ ತೆರೆದ ಅಂಗಳ, ಸುತ್ತಲೂ ಜಗಲಿ, ಕೆತ್ತನೆಯ ಮರದ ಕಂಬಗಳು, ಮೇಲೆ ಉಪ್ಪರಿಗೆ. ಕಾಲಗತಿಯಲ್ಲಿ ಶಿಥಿಲವಾಗಿದ್ದ ಈ ಮನೆಯನ್ನು ಹಳೆಯ ರೂಪದಲ್ಲಿಯೇ ಮತ್ತೆ ನಿಲ್ಲಿಸಿ, ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಸಾರ್ವಜನಿಕರ ದರ್ಶನಕ್ಕೆ ತೆರೆದಿದೆ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಈ ಮನೆಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಮೊದಲ ಅಕ್ಷರಾಭ್ಯಾಸ ನಡೆದದ್ದು ಮನೆಯಲ್ಲಿಯೇ, ದಕ್ಷಿಣ ಕನ್ನಡದ ಕಡೆಯಿಂದ ಕರೆಸಿಕೊಂಡ ಉಪಾಧ್ಯಾಯರ ಮುಂದೆ. ಆಮೇಲೆ ತೀರ್ಥಹಳ್ಳಿಯ ಶಾಲೆ. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ತಂದೆ ತೀರಿಕೊಂಡರು. ಮುಂದಿನ ಓದಿಗಾಗಿ ಬಾಲಕ ಮೈಸೂರಿಗೆ ಹೋದಾಗ ಅವನನ್ನು ಸೇರಿಸಿಕೊಂಡದ್ದು ವೆಸ್ಲಿಯನ್ ಮಿಶನ್ನಿನ ಪ್ರೌಢಶಾಲೆ ಎಂಬುದನ್ನು ನಾವು ಗಮನಿಸಬೇಕು. ನಮ್ಮ ಕಥೋಲಿಕ ಸಭೆಗೆ ಸೇರಿದ ಶಾಲೆಯಲ್ಲದಿದ್ದರೂ ಕ್ರೈಸ್ತ ಸಹೋದರರು ನಡೆಸುತ್ತಿದ್ದ ಶಾಲೆ ಅದು. ಹುಡುಗ ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದನು; 1922ರಲ್ಲಿ ಅವು ಪುಸ್ತಕವಾಗಿಯೂ ಬಂದವು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಕವಿತೆಗಳನ್ನು ನೋಡಿ, ನಿನ್ನ ತಾಯಿನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿದರು. ಪರದೇಶದವರೊಬ್ಬರು ಹೇಳಿದ ಈ ಒಂದು ಮಾತಿನಿಂದ ಕನ್ನಡಕ್ಕೆ ಆದ ಲಾಭ ಎಷ್ಟೆಂಬುದನ್ನು ಅಳೆಯಲಾಗದು.

ಮುಂದಿನದು ನಿಮಗೆಲ್ಲ ತಿಳಿದದ್ದೇ. 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳು, ಮಾನಸಗಂಗೋತ್ರಿಯ ನಿರ್ಮಾಪಕರು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1967ರ ಸಾಲಿನ ಜ್ಞಾನಪೀಠ ಪ್ರಶಸ್ತಿ. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು. 1964ರಲ್ಲಿ ರಾಷ್ಟ್ರಕವಿ ಎಂಬ ಗೌರವ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದಾಗ ಅವರ ಪಾರ್ಥಿವ ಶರೀರವನ್ನು ಬೆಳೆದ ಊರ ಮಣ್ಣಿಗೇ ತಂದರು. ಮನೆಯ ಹಿಂದಿನ ಗುಡ್ಡದ ಮೇಲೆ, ಅವರು ಬಾಲ್ಯದಿಂದಲೂ ಕುಳಿತು ಸೂರ್ಯಾಸ್ತ ನೋಡುತ್ತಿದ್ದ ಕವಿಶೈಲದಲ್ಲಿ ಅವರ ಸಮಾಧಿ ಇದೆ. ಅಲ್ಲಿನ ಬಂಡೆಯ ಮೇಲೆ ಅವರ ಹೆಸರಿನೊಡನೆ ಗುರುಗಳಾದ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಅಕ್ಷರಗಳೂ ಕೊರೆದಿವೆ. ಸಮಾಧಿಯ ಸುತ್ತ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ಬೃಹತ್ ಶಿಲಾಕಂಬಗಳನ್ನು ನಿಲ್ಲಿಸಿದ್ದಾರೆ. 1938ರಲ್ಲಿ ಹುಟ್ಟಿ, 2007ರಲ್ಲಿ ತೀರಿಕೊಂಡ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಅಲ್ಲಿಗೆ ಸಮೀಪದಲ್ಲಿದೆ.

ಮನೆಯೊಳಗೆ ಇಟ್ಟಿರುವುದೇನು? ಕವಿಯ ಹಸ್ತಪ್ರತಿ, ಪುಸ್ತಕ, ಭಾವಚಿತ್ರ, ಬಿರುದು ಬಾವಲಿಗಳು ಇವೆ. ಆದರೆ ನೋಡಲು ಬಂದವರು ಹೆಚ್ಚು ಹೊತ್ತು ನಿಲ್ಲುವುದು ಅಡುಗೆಮನೆಯ ಪಾತ್ರೆ ಪರಡಿಗಳ ಮುಂದೆ, ಮರದ ಪೆಟ್ಟಿಗೆಗಳ ಮುಂದೆ, ಬೇಸಾಯದ ಉಪಕರಣಗಳ ಮುಂದೆ. ನಮ್ಮಜ್ಜಿಯ ಮನೆಯಲ್ಲಿಯೂ ಇಂತಹುದೇ ಇತ್ತು ಎಂದು ಹೆಂಗಸರು ತಮ್ಮ ಮಕ್ಕಳಿಗೆ ಹೇಳುತ್ತಾರೆ. ಮಹಾಕವಿಯ ಮನೆಯನ್ನು ನೋಡಬಂದವರು ತಮ್ಮ ಮನೆಯನ್ನು ನೆನೆದುಕೊಂಡು ಹೋಗುತ್ತಾರೆ. ಮನೆಯೊಂದು ವಸ್ತುಸಂಗ್ರಹಾಲಯವಾದಾಗ ಆಗುವ ಮೊದಲ ಉಪಕಾರ ಇದು.

ಇಲ್ಲಿ ಒಂದು ವಿರೋಧಾಭಾಸವಿದೆ. ಕುವೆಂಪು ಅವರ ಅತ್ಯಂತ ಪ್ರಸಿದ್ಧ ಕವಿತೆಗಳಲ್ಲಿ ಒಂದರ ಹೆಸರು ‘ಅನಿಕೇತನ’. ನಿಕೇತನವೆಂದರೆ ಮನೆ, ಅನಿಕೇತನನೆಂದರೆ ಮನೆಯಿಲ್ಲದವನು. ಚೇತನವು ಯಾವ ಗೋಡೆಯೊಳಗೂ ನಿಲ್ಲಬಾರದೆಂದು ಹಾಡಿದ ಕವಿಗೆ ನಾಡು ಒಂದು ಮನೆಯನ್ನೇ ಸ್ಮಾರಕ ಮಾಡಿತು! ಇದು ಸರಿಯೆ? ಸರಿ ಎಂದೇ ನನ್ನ ಎಣಿಕೆ. ಮನುಷ್ಯಪುತ್ರನಿಗೆ ತಲೆಯಿಡಲೂ ಜಾಗವಿಲ್ಲವೆಂದು ನಮ್ಮ ಪ್ರಭುವು ಹೇಳಿಕೊಂಡನಷ್ಟೆ? ಆತನೂ ಮೂವತ್ತು ವರ್ಷ ನಜರೇತಿನ ಒಂದು ಮನೆಯಲ್ಲಿ ಬೆಳೆದವನೇ. ಮನೆಯಲ್ಲಿ ಬೇರು ಬಿಟ್ಟವನು ಮಾತ್ರ ಮನೆಯನ್ನು ದಾಟಿ ಹೋಗಬಲ್ಲನು. ಕುಪ್ಪಳಿಯ ಅಂಗಳವನ್ನು ಪ್ರೀತಿಸದಿದ್ದವನಿಗೆ ವಿಶ್ವವನ್ನು ಪ್ರೀತಿಸುವ ಶಕ್ತಿ ಬರುತ್ತಿರಲಿಲ್ಲ. ಗೋಡೆಯನ್ನು ಉಳಿಸುವುದು ಬೇರೆ, ಗೋಡೆಯೊಳಗೆ ಬಂದಿಯಾಗುವುದು ಬೇರೆ.

ಈಗ ಕೆಲವರ ಮನಸ್ಸಿನಲ್ಲಿರುವ ಸಂದೇಹಕ್ಕೆ ಬರುತ್ತೇನೆ. ಕುವೆಂಪು ಪುರೋಹಿತಶಾಹಿಯನ್ನು ಕಟುವಾಗಿ ಟೀಕಿಸಿದವರು. ‘ವಿಚಾರ ಕ್ರಾಂತಿಗೆ ಆಹ್ವಾನ’ ಎಂದು ಕರೆ ಕೊಟ್ಟವರು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ತೀರ್ಥಹಳ್ಳಿಯ ಕಡೆ ಬಂದ ಪಾದ್ರಿಯೊಬ್ಬನನ್ನೂ, ಅವನ ಬೈಸಿಕಲ್ಲನ್ನೂ, ಮತಾಂತರದ ಅವನ ಉತ್ಸಾಹವನ್ನೂ ನಗೆಯ ಲೇಪದೊಡನೆ ಚಿತ್ರಿಸಿದವರು. ಇಂತಹವರ ಮನೆಯನ್ನು ಗುರುವೊಬ್ಬರು ದೇವಾಲಯದ ಸಭೆಯಲ್ಲಿ ಹೊಗಳುವುದು ಉಚಿತವೇ?

ನನ್ನ ಉತ್ತರ ಸರಳವಾದುದು. ಅದೇ ಕವಿ ತಮ್ಮ ಕಾದಂಬರಿಗಳಲ್ಲಿ ತಮ್ಮ ಸ್ವಂತ ಸಮಾಜದ ಮೌಢ್ಯವನ್ನೂ, ಜಮೀನ್ದಾರರ ಕ್ರೌರ್ಯವನ್ನೂ ಇನ್ನೂ ಹೆಚ್ಚು ನಿಷ್ಠುರವಾಗಿ ಬಯಲಿಗೆಳೆದಿದ್ದಾರೆ. ಪಾದ್ರಿಗೆ ಅವರು ವಿಶೇಷವಾದ ದ್ವೇಷವನ್ನೇನೂ ಮೀಸಲಿಡಲಿಲ್ಲ. ಸುವಾರ್ತೆಗಿಂತ ಹೊಸ ಬೈಸಿಕಲ್ಲಿನ ಬೆರಗನ್ನೇ ಮುಂದೆಮಾಡಿ ಆತ್ಮಗಳನ್ನು ಸೆಳೆಯಹೊರಟವರು ಇದ್ದರೆ, ಆ ನಗೆಯನ್ನು ನಾವು ಸಹಿಸಿಕೊಳ್ಳಬೇಕು. ಅದರಿಂದ ಕಲಿಯಲೂ ಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವಾದ ಹಾಗೂ ಪವಿತ್ರವಾದ ಯಾವುದನ್ನೂ ಶ್ರೀಸಭೆಯು ತಿರಸ್ಕರಿಸುವುದಿಲ್ಲವೆಂದು ಸಾರಿದೆ. ಇನ್ನೊಂದು ಮಾತು. 2004ರಲ್ಲಿ ಕರ್ನಾಟಕ ಸರ್ಕಾರವು ನಾಡಗೀತೆಯೆಂದು ಅಂಗೀಕರಿಸಿದ ಅವರ ಗೀತೆಯನ್ನು ನಮ್ಮ ಶಾಲೆಗಳಲ್ಲಿ ಮಕ್ಕಳು ಹಾಡುತ್ತಾರೆ. ಈ ನಾಡೆಂಬ ಉದ್ಯಾನವು ಯಾರು ಯಾರದೆಂದು ಹೆಸರಿಸುವಾಗ ಕವಿ ಅದರಲ್ಲಿ ಕ್ರೈಸ್ತರನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ನಮ್ಮನ್ನು ಮನೆಯೊಳಗೆ ಕರೆದವರ ಮನೆಗೆ ನಾವು ಹೋಗಲು ಹಿಂಜರಿಯಬೇಕಾದದ್ದಿಲ್ಲ.

ಹೋಗುವುದಷ್ಟೇ ಅಲ್ಲ, ಅಲ್ಲಿಂದ ಎರಡು ಪ್ರಶ್ನೆಗಳನ್ನು ಹೊತ್ತು ಬರಬೇಕಾಗಿದೆ.

ಮೊದಲನೆಯದು ವಿಶ್ವಮಾನವನ ಪ್ರಶ್ನೆ. ಪ್ರತಿಯೊಂದು ಮಗುವೂ ಹುಟ್ಟುವಾಗ ವಿಶ್ವಮಾನವ. ಬೆಳೆಯುತ್ತ ನಾವು ಅದನ್ನು ಜಾತಿ, ಮತ, ಭಾಷೆಗಳ ಬೇಲಿಯೊಳಗೆ ಕಟ್ಟುತ್ತೇವೆ ಎಂಬುದು ಅವರ ವಾದ. ಹಾಗಾದರೆ ನಾವು ಕೂಸುಗಳಿಗೆ ಕೊಡುವ ಜ್ಞಾನಸ್ನಾನವೂ ಒಂದು ಬೇಲಿಯೆ? ಅಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ. ಕ್ರಿಸ್ತನಲ್ಲಿ ಯೆಹೂದ್ಯನೆಂದಾಗಲಿ ಗ್ರೀಕನೆಂದಾಗಲಿ ಭೇದವಿಲ್ಲವೆಂದು ಸಂತ ಪೌಲರು ಬೋಧಿಸಿದ್ದು ಜ್ಞಾನಸ್ನಾನ ಪಡೆದವರನ್ನು ಕುರಿತೇ. ಆದರೆ ನಮ್ಮ ನಡತೆ ಈ ಉತ್ತರಕ್ಕೆ ಸಾಕ್ಷಿ ಹೇಳುತ್ತದೆಯೆ? ಕೊಂಕಣಿಯವರು, ತಮಿಳರು, ಮಲಯಾಳಿಗಳು, ತೆಲುಗರು, ಕನ್ನಡಿಗರು ಎಲ್ಲರೂ ಕೂಡಿ ಕಟ್ಟಿದ ಸಭೆ ನಮ್ಮದು. ಹಬ್ಬದ ಬಲಿಪೂಜೆಯಲ್ಲಿ ಯಾವ ಭಾಷೆಯ ಗೀತೆ ಎಷ್ಟು ಎಂದು ನಾವು ಎಣಿಸುತ್ತ ಕೂರುವಾಗ, ಸಂಬಂಧ ಕುದುರಿಸುವಾಗ ಮೆಲ್ಲನೆ ‘ನಮ್ಮವರೇ ತಾನೆ?’ ಎಂದು ವಿಚಾರಿಸುವಾಗ ಕವಿಯ ಟೀಕೆ ನಿಜವಾಗುತ್ತದೆ. ಅದನ್ನು ಸುಳ್ಳು ಮಾಡುವ ಹೊಣೆ ನಮ್ಮದು.

ಎರಡನೆಯದು ಸರಳತೆಯ ಪ್ರಶ್ನೆ. ಕುವೆಂಪು ಅವರು ‘ಮಂತ್ರಮಾಂಗಲ್ಯ’ವೆಂಬ ಸರಳ ವಿವಾಹಪದ್ಧತಿಯನ್ನು ರೂಪಿಸಿ 1966ರಲ್ಲಿ ತಮ್ಮ ಮಗನ ಮದುವೆಯನ್ನೇ ಹಾಗೆ ನಡೆಸಿದರು. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ, ಪುರೋಹಿತರೂ ಇಲ್ಲ. ಕೊನೆಯದನ್ನು ನಾವು ಒಪ್ಪಲಾರೆವು; ನಮಗೆ ವಿವಾಹವು ಸಂಸ್ಕಾರ. ಮೊದಲಿನ ಎರಡನ್ನು ಒಪ್ಪಲು ನಮಗೆ ಯಾವ ಧರ್ಮಶಾಸ್ತ್ರದ ಅಡ್ಡಿಯೂ ಇಲ್ಲ. ಆದರೂ ಮಗಳ ಮದುವೆಗೆಂದು ನಿವೃತ್ತಿಯ ಹಣವನ್ನೆಲ್ಲ ಸುರಿದು, ಆಮೇಲೆ ಔಷಧಿಗೆ ಕಾಸಿಲ್ಲದೆ ನಮ್ಮ ಬಾಗಿಲಿಗೆ ಬರುವ ತಂದೆಯರ ಸಂಖ್ಯೆ ಈ ಊರಿನಲ್ಲಿ ಕಡಮೆಯಾಗಿಲ್ಲ.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಮನೆಗಳನ್ನು ವಸ್ತುಸಂಗ್ರಹಾಲಯ ಮಾಡುವಾಗ ಯಾರ ಮನೆ ಉಳಿಯುತ್ತದೆ, ಯಾರ ಮನೆ ಅಳಿಯುತ್ತದೆ? ಕುಪ್ಪಳಿಯ ಮನೆ ಗೌಡರ ದೊಡ್ಡ ಮನೆ. ಅದರ ಗದ್ದೆ ತೋಟಗಳಲ್ಲಿ ದುಡಿದವರ ಬಿಡಾರಗಳು ಇಂದು ಇಲ್ಲ. ಹುಲ್ಲಿನ ಮಾಡು, ಮಣ್ಣಿನ ಗೋಡೆ ಮಳೆಗೆ ಎಷ್ಟು ಕಾಲ ನಿಂತೀತು? ಅವುಗಳನ್ನು ಉಳಿಸಿದ್ದು ಮನೆಯಲ್ಲ, ಕಾದಂಬರಿ. ‘ಮಲೆಗಳಲ್ಲಿ ಮದುಮಗಳು’ ಓದಿದವರು ಜೀತದಾಳು ಗುತ್ತಿಯನ್ನೂ ಅವನ ನಾಯಿಯನ್ನೂ ಮರೆಯಲಾರರು. ಒಡೆಯನ ಮನೆಯಲ್ಲಿ ಬೆಳೆದ ಕವಿ ಆಳಿನ ಬಿಡಾರಕ್ಕೆ ತನ್ನ ಪುಟಗಳಲ್ಲಿ ಜಾಗ ಕೊಟ್ಟರು. ಅವರ ದೊಡ್ಡತನ ಇರುವುದು ಇಲ್ಲಿ.

ನಮ್ಮ ಊರಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರು ಕೈಗಾರಿಕಾ ನಗರವಾದದ್ದು ಮೈಸೂರು ಕಬ್ಬಿಣದ ಕಾರ್ಖಾನೆಯಿಂದ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಕನಸು ಕಂಡರು. 1923ರಲ್ಲಿ ಉತ್ಪಾದನೆ ಆರಂಭವಾಯಿತು; ಆ ಬಳಿಕ ಅವರೇ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಷ್ಟದಿಂದ ಮೇಲೆತ್ತಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು, ಭದ್ರೆಯ ನೀರು. ಈ ಮೂರರಿಂದ ಕಬ್ಬಿಣ ಹುಟ್ಟಿತು. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಅವರಿಗೆ ಸಂದ ಗೌರವಗಳನ್ನು, ಅವರು ಬಳಸಿದ ವಸ್ತುಗಳನ್ನು ಅಲ್ಲಿ ಕಾಣಬಹುದು. ಅದು ಯೋಗ್ಯವೇ. ಆದರೆ ಊದುಕುಲುಮೆಯ ಕಾವಿನ ಮುಂದೆ ಮೂರು ಪಾಳಿಯಲ್ಲಿ ನಿಂತು ದುಡಿದವನ ಮನೆ ಎಲ್ಲಿದೆ? ಇದ್ದಿಲು ಹೊತ್ತವನ, ಆಸ್ಪತ್ರೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದ ದಾದಿಯ, ಒಂದು ಕೋಣೆಯ ಶಾಲೆಯಲ್ಲಿ ಅಕ್ಷರ ತಿದ್ದಿಸಿದ ಉಪದೇಶಿಯ ಮನೆ ಎಲ್ಲಿದೆ? ಅವರು ಇದ್ದದ್ದು ವಸತಿಗೃಹಗಳಲ್ಲಿ. ನಿವೃತ್ತಿಯಾದೊಡನೆ ಕೀಲಿಕೈ ಹಿಂದಿರುಗಿಸಿ ಹೊರಟವರು ಅವರು. ಅವರಿಗೆ ಊರಿನಲ್ಲಿ ಸ್ವಂತದ್ದೆಂದು ಹೇಳಿಕೊಳ್ಳಲು ಇದ್ದ ಒಂದೇ ಮನೆ ಈ ದೇವಾಲಯ.

ಆ ಬದುಕು ಈಗ ಕಣ್ಣೆದುರಿಗೇ ಕರಗುತ್ತಿದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಆಸುಪಾಸಿನಲ್ಲಿ ನಿಂತವು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಇಡೀ ಊರು ಬೀದಿಗೆ ಬಂತು. ಅದೇ ವರ್ಷ ಕೆಲಸ ಭಾಗಶಃ ಪುನರಾರಂಭವಾದರೂ ಹಿಂದಿನ ವೈಭವ ಮರಳಲಿಲ್ಲ. ನಮ್ಮ ಯುವಕರು ಬೆಂಗಳೂರಿಗೆ, ಕೊಲ್ಲಿಯ ದೇಶಗಳಿಗೆ ಹೋಗುತ್ತಿದ್ದಾರೆ. ಅವರ ಮಕ್ಕಳು ಒಂದು ದಿನ ಬಂದು, ನಮ್ಮ ಮುತ್ತಜ್ಜ ಇಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದರೆ ತೋರಿಸಲು ನಮ್ಮಲ್ಲಿ ಏನಿದೆ?

ನಮ್ಮಲ್ಲಿ ಒಂದು ನಿಧಿ ಇದೆ. ಅದು ಗುರುನಿವಾಸದ ಕಪಾಟಿನಲ್ಲಿರುವ ದಾಖಲೆ ಪುಸ್ತಕಗಳು. ಪ್ರತಿಯೊಂದು ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಯನ್ನು ಇಟ್ಟು ಕಾಪಾಡಬೇಕೆಂದು ಶ್ರೀಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಆಜ್ಞಾಪಿಸುತ್ತದೆ. 1997ರಲ್ಲಿ ವ್ಯಾಟಿಕನ್ ಹೊರಡಿಸಿದ ಸುತ್ತೋಲೆಯೊಂದು ಇಂತಹ ದಾಖಲೆಗಳ ಪಾಲನೆಯನ್ನು ಆಡಳಿತದ ಕೆಲಸವೆಂದು ಮಾತ್ರ ಎಣಿಸದೆ, ಆತ್ಮಪಾಲನೆಯ ಭಾಗವೆಂದೇ ಕರೆಯಿತು. ಆ ಪುಟಗಳಲ್ಲಿ ಮೇಸ್ತ್ರಿಯ ಮಗುವೂ ಅಧಿಕಾರಿಯ ಮಗುವೂ ಒಂದರ ಕೆಳಗೊಂದು, ಒಂದೇ ಮಸಿಯಲ್ಲಿ, ಒಂದೇ ಅಳತೆಯ ಸಾಲಿನಲ್ಲಿ ಇವೆ. ಯಾವ ವಸ್ತುಸಂಗ್ರಹಾಲಯವೂ ಬಡವನಿಗೆ ಇಷ್ಟು ಸಮನಾದ ಜಾಗವನ್ನು ಕೊಟ್ಟಿಲ್ಲ. ಆದರೆ ಕಾಗದಕ್ಕೆ ಗೆದ್ದಲಿದೆ, ಮಲೆನಾಡಿನ ಅಂಚಿನ ಶೀತವಿದೆ. ಕೆಲವು ಪುಟಗಳ ಅಂಚು ಮುಟ್ಟಿದರೆ ಉದುರುತ್ತದೆ.

ಉಳಿಸುವುದೆಂದರೆ ಬೀಗ ಹಾಕಿಡುವುದಲ್ಲ. ಕವಿಮನೆಯಲ್ಲಿಯೇ 2015ರ ನವೆಂಬರಿನಲ್ಲಿ ಕಳ್ಳತನವಾಯಿತು. ಕವಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ನಾಡೇ ನೊಂದುಕೊಂಡಿತು. ಅಷ್ಟು ದೊಡ್ಡ ಪ್ರತಿಷ್ಠಾನ ಕಾಯುವ ಮನೆಗೇ ಹೀಗಾದರೆ ಸಣ್ಣ ಧರ್ಮಕೇಂದ್ರಕ್ಕೆ ಎಷ್ಟು ಎಚ್ಚರ ಬೇಕೆಂದು ಯೋಚಿಸಿ. ಹೆಂಚಿನ ಮನೆಗೆ ಪ್ರತಿ ಮಳೆಗಾಲದ ಮೊದಲೂ ಮಾಡು ಕೈಯಾಡಿಸಬೇಕು, ಒಡೆದ ಹೆಂಚು ಬದಲಿಸಬೇಕು, ಮರಕ್ಕೆ ಗೆದ್ದಲಿನ ಮದ್ದು ಬಳಿಯಬೇಕು. ಇದಕ್ಕೆ ವರ್ಷ ವರ್ಷವೂ ಹಣ ಬೇಕು, ಜನ ಬೇಕು. ಭಾವುಕತೆಯಿಂದ ಉಳಿಸಿ ಆಮೇಲೆ ಅಲಕ್ಷ್ಯದಿಂದ ಕೊಲ್ಲುವುದಕ್ಕಿಂತ ಗೌರವದಿಂದ ಕೆಡವುವುದೇ ಮೇಲು.

ಆದುದರಿಂದ ನಮ್ಮ ಗುರುನಿವಾಸದ ವಿಷಯದಲ್ಲಿ ಎರಡೂ ಪಕ್ಷದವರ ಮಾತನ್ನು ನಾನು ಗೌರವದಿಂದ ಕೇಳಿದ್ದೇನೆ. ಕೆಡವಬೇಕೆನ್ನುವವರು ಸ್ವಾರ್ಥಿಗಳಲ್ಲ. ಆ ಜಾಗದಲ್ಲಿ ಸಭಾಭವನವೂ ಅಂಗಡಿ ಮಳಿಗೆಗಳೂ ಆದರೆ ಬಾಡಿಗೆ ಬರುತ್ತದೆ. ಕೆಲಸ ಕಳೆದುಕೊಂಡ ಕುಟುಂಬಗಳ ಮಕ್ಕಳ ಶಾಲಾಶುಲ್ಕಕ್ಕೆ, ಮುದುಕರ ಔಷಧಿಗೆ ಅದು ಒದಗುತ್ತದೆ. ಹಸಿದ ಮಗುವಿನ ಮುಂದೆ ಹಳೆಯ ಗೋಡೆ ದೊಡ್ಡದಲ್ಲವೆಂದು ಅವರು ಹೇಳುವುದು ಸುವಾರ್ತೆಗೆ ದೂರವಾದ ಮಾತಲ್ಲ. ಉಳಿಸಬೇಕೆನ್ನುವವರು ಹೇಳುವುದೂ ನಿಜ: ನಮ್ಮ ತಂದೆಯರು ಪಾಳಿ ಮುಗಿಸಿ ಬಂದು ತಾವೇ ಕಲ್ಲು ಹೊತ್ತು ಕಟ್ಟಿದ್ದು ಅದು, ಅದನ್ನು ಕೆಡವಿದರೆ ಅವರ ಕೈಯ ಗುರುತು ಈ ಊರಿನಿಂದಲೇ ಅಳಿಸಿಹೋಗುತ್ತದೆ.

ನನ್ನ ಸಲಹೆ ಇಷ್ಟು. ಹಿಂಭಾಗದ ಶಿಥಿಲವಾದ ಕೋಣೆಗಳನ್ನು ತೆಗೆದು ಸಭಾಭವನವನ್ನೂ ಮಳಿಗೆಗಳನ್ನೂ ಅಲ್ಲಿ ಕಟ್ಟೋಣ. ಮುಂಭಾಗದ ಜಗಲಿಯನ್ನೂ ಎರಡು ಕೋಣೆಗಳನ್ನೂ ಇದ್ದ ಹಾಗೆಯೇ ಉಳಿಸೋಣ. ಮಳಿಗೆಯ ಬಾಡಿಗೆಯಲ್ಲಿ ಒಂದು ಸಣ್ಣ ಪಾಲನ್ನು ಆ ಎರಡು ಕೋಣೆಗಳ ದುರಸ್ತಿಗೆಂದು ಮೊದಲೇ ತೆಗೆದಿಡೋಣ. ಉಳಿದುದೆಲ್ಲ ಬಡವರ ನಿಧಿಗೆ ಹೋಗಲಿ. ಮೊದಲ ಕೋಣೆಯಲ್ಲಿ ದಾಖಲೆ ಪುಸ್ತಕಗಳ ಪ್ರತಿಗಳಿರಲಿ. ಮೂಲ ಪುಸ್ತಕಗಳನ್ನು ಪುಟಪುಟವಾಗಿ ಛಾಯಾಚಿತ್ರ ತೆಗೆಸಿ, ಬೆಂಕಿಗೂ ನೀರಿಗೂ ಎಟುಕದ ಕಪಾಟಿನಲ್ಲಿಡೋಣ. ಎರಡನೆಯ ಕೋಣೆ ನಿಮ್ಮದು. ನಿಮ್ಮ ತಂದೆಯ ಕಾರ್ಖಾನೆಯ ಬಿಲ್ಲೆ, ಊಟದ ಡಬ್ಬಿ, ತಾಯಿಯ ಸವೆದ ಜಪಸರ, ಮದುವೆಯ ಭಾವಚಿತ್ರ, ಹಳೆಯ ಗೀತೆಪುಸ್ತಕ, ಯಾರ ಮನೆಯ ಅಟ್ಟದಲ್ಲೋ ಮಲಗಿರುವ ಹಾರ್ಮೋನಿಯಂ ಇವೆಲ್ಲ ಅಲ್ಲಿಗೆ ಬರಲಿ. ಬಂದ ಒಂದೊಂದು ವಸ್ತುವನ್ನೂ ಯಾರು ಕೊಟ್ಟರು, ಯಾರದಾಗಿತ್ತು, ಯಾವ ವರ್ಷದ್ದು ಎಂದು ಪುಸ್ತಕದಲ್ಲಿ ಬರೆದುಕೊಂಡು ರಶೀದಿ ಕೊಡಬೇಕು. ಮರಳಿ ಬೇಕೆಂದವರಿಗೆ ಮರಳಿಸಬೇಕು. ಯುವಜನರ ಸಂಘದವರು ಎಂಬತ್ತು ದಾಟಿದ ಹಿರಿಯರ ಬಳಿಗೆ ಹೋಗಿ ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಬರಲಿ. ಇದನ್ನು ಮಾತ್ರ ಸಮಿತಿಯ ತೀರ್ಮಾನಕ್ಕಾಗಿ ಕಾಯದೆ ಈ ವಾರವೇ ಆರಂಭಿಸಿರಿ. ಗೋಡೆ ಇನ್ನೂ ಹತ್ತು ವರ್ಷ ನಿಂತೀತು. ಹಿರಿಯರ ಉಸಿರಿಗೆ ಅಂತಹ ಭರವಸೆಯಿಲ್ಲ.

ಇದು ನನ್ನ ಸಲಹೆಯೇ ಹೊರತು ಆಜ್ಞೆಯಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿ ಚರ್ಚಿಸಲಿ, ಪೂಜ್ಯ ಧರ್ಮಾಧ್ಯಕ್ಷರ ಅನುಮತಿ ಬೇಡೋಣ. ಗುರುಗಳು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ನಾವು ಒಂದು ಅರ್ಥದಲ್ಲಿ ಅನಿಕೇತನರೇ. ಮನೆ ನಿಮ್ಮದು, ಅದರ ಹೊಣೆಯೂ ನಿಮ್ಮದು.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಮಳೆ ನಿಂತ ಮೇಲೆ ಒಂದು ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಕುಪ್ಪಳಿಗೆ ಹೋಗಿ ಬನ್ನಿ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಹಿಂದಿರುಗುವಾಗ ಮಕ್ಕಳನ್ನು ಒಂದೇ ಪ್ರಶ್ನೆ ಕೇಳಿ: ನಮ್ಮ ಮನೆಯಿಂದ ಯಾವ ಒಂದು ವಸ್ತುವನ್ನು ನೂರು ವರ್ಷ ಇಡಬೇಕು? ಅವರು ಹೇಳುವ ಉತ್ತರವನ್ನು ನನಗೆ ತಿಳಿಸಿ. ಎರಡನೆಯ ಕೋಣೆಯ ಪಟ್ಟಿಯನ್ನು ಅಲ್ಲಿಂದಲೇ ಆರಂಭಿಸೋಣ.

ನಮ್ಮ ಪೂರ್ವಿಕರ 100 ವರ್ಷಗಳ ಶ್ರಮವನ್ನು ದೇವರು ಮರೆತಿಲ್ಲ. ನಾವೂ ಮರೆಯದಿರುವಂತೆ ಆತನೇ ನಮಗೆ ಬುದ್ಧಿಯನ್ನೂ ಒಗ್ಗಟ್ಟನ್ನೂ ಅನುಗ್ರಹಿಸಲಿ.